ಲವಂಗ ಕಚ್ಚಿದರೆ ನೋವು ಹೋಯ್ತು, ಹುಳುಕು?

ಹಲ್ಲುನೋವು ಜೋರಾಗೋದೇ ರಾತ್ರಿ, ಕ್ಲಿನಿಕ್‌ಗಳೆಲ್ಲ ಬಾಗಿಲು ಹಾಕಿದ ಮೇಲೆ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಆಗ ಮೊದಲು ತೆರೆಯೋದು ಅಮ್ಮನ ಮಸಾಲೆ ಡಬ್ಬಿ. "ಒಂದು ಲವಂಗ ಕಚ್ಚಿಕೊಂಡಿರು" ಅಂತಾರೆ. ಸ್ವಲ್ಪ ಹೊತ್ತಿಗೆ ಒಸಡು ಜೋಮು ಹಿಡಿಯುತ್ತೆ.

ಕಾರಣ ಯೂಜಿನಾಲ್. ಲವಂಗದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಅದೇ. ನೋವಿನ ಸುದ್ದಿ ಒಯ್ಯುವ ನರವನ್ನು ಅದು ಕೊಂಚ ಹೊತ್ತು ಮಂಕಾಗಿಸುತ್ತೆ, ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತೆ. ದಂತವೈದ್ಯರ ಕ್ಲಿನಿಕ್‌ಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವ ವಾಸನೆ ನೆನಪಿದೆಯಾ? ಅದೂ ಇದರದ್ದೇ. ಜಿಂಕ್ ಆಕ್ಸೈಡ್ ಪುಡಿಗೆ ಯೂಜಿನಾಲ್ ಕಲಸಿ ಅವರು ಹಲ್ಲಿನ ಕುಳಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತಾರೆ. (ಅಮ್ಮನಿಗೆ ಇದನ್ನು ಹೇಳಿದ ಮೇಲೆ ಅವರನ್ನು ಹಿಡಿಯೋರೇ ಇಲ್ಲ.)

ಆದರೆ ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಲವಂಗ ಅಲಾರಂ ನಿಲ್ಲಿಸುತ್ತೆ, ಬಗ್ ಸರಿಮಾಡಲ್ಲ. ಹುಳುಕು ಒಳಗೆ ಇಳೀತಾನೇ ಇರುತ್ತೆ. ಹಲ್ಲಿನ ನರ ಸತ್ತರೂ ನೋವು ತಾನಾಗಿ ನಿಲ್ಲುತ್ತೆ. ನಮ್ಮ ಚಿಕ್ಕಪ್ಪ ಅದನ್ನೇ "ವಾಸಿಯಾಯ್ತು" ಅಂದುಕೊಂಡು ಮೂರು ತಿಂಗಳು ಬಿಟ್ಟರು. ಬೇರಿನಲ್ಲಿ ಕೀವು ಕಟ್ಟಿ ದವಡೆ ಊದಿದ ಮೇಲೆ ಹಲ್ಲನ್ನೇ ಕೀಳಿಸಬೇಕಾಯ್ತು.

ಲವಂಗವನ್ನು ಮೆತ್ತಗೆ ಕಚ್ಚಿ ನೋವಿರುವ ಹಲ್ಲಿನ ಪಕ್ಕ ಇಟ್ಟುಕೊಂಡರೆ ಸಾಕು. ಎಣ್ಣೆಯಾದರೆ ಒಂದು ತೊಟ್ಟನ್ನು ಒಂದು ಚಮಚ ಕೊಬ್ಬರಿ ಎಣ್ಣೆಗೆ ಬೆರೆಸಿ ಹತ್ತಿಯಲ್ಲಿ ಒತ್ತಿ. ಹಾಗೇ ಹಚ್ಚಿದರೆ ಒಸಡು ಸುಡುತ್ತೆ. ಬಾಟಲಿ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಯಕೃತ್ತಿಗೇ ಪೆಟ್ಟು. ಕೆನ್ನೆ ಊದಿದ್ದರೆ, ಜ್ವರ ಬಂದರೆ, ಬಾಯಿ ತೆರೆಯೋಕೆ ಕಷ್ಟವಾದರೆ ಡಬ್ಬಿ ಹುಡುಕಬೇಡಿ. ಅವತ್ತೇ ದಂತವೈದ್ಯರ ಹತ್ತಿರ ಹೋಗಿ.