ಮನೆ ಮಾರುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದವರಿಲ್ಲ. ಮನೆ ಮಾರುವುದನ್ನು ಕುರಿತು ಅಷ್ಟು ಪ್ರಸಿದ್ಧವಾದ ಗಾದೆ ನಮ್ಮಲ್ಲಿಲ್ಲ. ಹಿರಿಯರು ಕಟ್ಟಿಸಿದ ಮನೆಯನ್ನು ಮಾರುವುದು ಮನೆತನಕ್ಕೆ ಕುಂದು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೂ ಮಗಳ ಮದುವೆ, ಮಗನ ಓದು, ಬತ್ತಿದ ಕೊಳವೆಬಾವಿ ಬಿಟ್ಟುಹೋದ ಸಾಲ, ದೂರದೂರಿನ ನೌಕರಿ, ಅಣ್ಣತಮ್ಮಂದಿರ ಪಾಲು ಹೀಗೆ ಯಾವುದಾದರೊಂದು ಕಾರಣದಿಂದ ಮನೆ ಮಾರಬೇಕಾದ ಸಂದರ್ಭ ಅನೇಕ ಕುಟುಂಬಗಳಿಗೆ ಒದಗುತ್ತದೆ. ಆಗ ಅವಸರದಲ್ಲಿ ಮಾರಿ ಸಿಕ್ಕಷ್ಟಕ್ಕೆ ಕೈಚಾಚುವವರೇ ಹೆಚ್ಚು. ಕೊಳ್ಳಲು ಬಂದವರ ಮನಸ್ಸಿಗೆ ಒಪ್ಪುವಂತೆ ಮನೆಯನ್ನು ಅಣಿಗೊಳಿಸುವುದು ಹೇಗೆ, ಅದರಲ್ಲಿ ಎಷ್ಟು ನ್ಯಾಯ, ಎಷ್ಟು ಅನ್ಯಾಯ ಎಂಬುದನ್ನು ನಮ್ಮ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯ ಮನೆಗಳನ್ನೇ ಮುಂದಿಟ್ಟುಕೊಂಡು ವಿಚಾರ ಮಾಡೋಣ.

ನಮ್ಮದು ಬಯಲುಸೀಮೆ, ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಈ ಹವೆಗೆ ತಕ್ಕಂತೆ ಹುಟ್ಟಿದ್ದು ಮಾಳಿಗೆಯ ಮನೆ. ದಪ್ಪನೆಯ ಮಣ್ಣಿನ ಅಥವಾ ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆ ಮತ್ತು ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಬೇಸಗೆಯಲ್ಲಿ ಇಂತಹ ಮನೆಯ ತಂಪನ್ನು ತಾರಸಿಯ ಮನೆ ಕೊಡಲಾರದು. ಈಗ ಪೇಟೆಯಲ್ಲಿ ತಾರಸಿಯ ಮನೆಗಳೇ ಹೆಚ್ಚಾಗಿವೆಯಾದರೂ ಹಳೆಯ ಬೀದಿಗಳಲ್ಲಿ ಮಾಳಿಗೆಯ ಮನೆಗಳು ಇನ್ನೂ ಉಳಿದಿವೆ. ಮಾರುವಾಗ ಹೆಚ್ಚು ಅನುಮಾನಕ್ಕೆ ಗುರಿಯಾಗುವುವೂ ಇವೇ.

ಕೊಳ್ಳುವವನು ಮೊದಲು ತಲೆಯೆತ್ತಿ ನೋಡುವುದು ಮಾಳಿಗೆಯನ್ನು. ಜಂತೆಯ ನಡುವೆ ನೀರಿಳಿದ ಕಲೆ ಕಂಡರೆ ಅರ್ಧ ಬೆಲೆ ಅಲ್ಲಿಯೇ ಇಳಿಯಿತೆಂದು ತಿಳಿಯಬೇಕು. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಚೌಳುಮಣ್ಣು. ಬೆಳೆಗೆ ಬಾರದ ಈ ಉಪ್ಪುಮಣ್ಣು ಮಾಳಿಗೆಗೆ ಮಾತ್ರ ಬಹಳ ಯೋಗ್ಯವಾದುದು. ಅದರಲ್ಲಿರುವ ಸೋಡಿಯಂ ಅಂಶದಿಂದಾಗಿ, ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ; ನೀರು ಒಳಗಿಳಿಯದೆ ಮೇಲೆಯೇ ಹರಿದು ಹೋಗುತ್ತದೆ. ಉಪ್ಪಿರುವುದರಿಂದ ಹುಲ್ಲು ಬೇರೂರುವುದೂ ಕಡಿಮೆ. ಹಳೆಯ ಮಣ್ಣನ್ನು ಮಟ್ಟಮಾಡಿ, ಹೊಸ ಚೌಳುಮಣ್ಣನ್ನು ಹರಡಿ, ನೀರು ಹೊರಬೀಳುವ ದೋಣಿಗಳ ಕಡೆಗೆ ಇಳಿಜಾರು ಕೊಟ್ಟು ಬಡಿದರೆ ಮಾಳಿಗೆ ಗಟ್ಟಿಯಾಗುತ್ತದೆ. ನಮ್ಮಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಅದಕ್ಕೆ ಮೊದಲೇ ಈ ಕೆಲಸ ಮುಗಿಯಬೇಕು.

ಎರಡನೆಯದು ಗೋಡೆ. ಯುಗಾದಿ, ದೀಪಾವಳಿಗಳಿಗೆ ಸುಣ್ಣ ಬಳಿಯುವುದು ನಮಗೆ ಹೊಸತಲ್ಲ. ಅದೇ ಕೆಲಸವನ್ನು ಇಲ್ಲಿ ಇನ್ನಷ್ಟು ಎಚ್ಚರದಿಂದ ಮಾಡಬೇಕು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ (ಆಗ ಅದು ಕುದಿಯುವುದರಿಂದ ಮಕ್ಕಳನ್ನು ದೂರವಿಡಬೇಕು) ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಗೋಡೆಗೆ ಕಚ್ಚಿಕೊಳ್ಳಲು ಸ್ವಲ್ಪ ಗಂಜಿ ಅಥವಾ ಗೋಂದನ್ನೂ, ಬಿಳುಪು ಎದ್ದು ಕಾಣಲು ಚಿಟಿಕೆ ನೀಲಿಯನ್ನೂ ಬೆರೆಸುತ್ತಾರೆ. ಬಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಿನ ಸ್ವರೂಪಕ್ಕೇ ಬರುತ್ತದೆ. ಮೊದಲನೆಯ ಬಳಿತ ಒಣಗಿದ ಮೇಲೆಯೇ ಎರಡನೆಯದನ್ನು ಬಳಿಯಬೇಕು.

ಆದರೆ ಗೋಡೆಯ ಬುಡದಲ್ಲಿ ಬಿಳಿಯ ಹಿಟ್ಟಿನಂತೆ ಉಪ್ಪು ಏಳುತ್ತಿದ್ದರೆ ಸುಣ್ಣದಿಂದ ಪ್ರಯೋಜನವಿಲ್ಲ. ಮಾಳಿಗೆಗೆ ಉಪಕಾರಿಯಾದ ಚೌಳು ಗೋಡೆಗೆ ಶತ್ರು. ನೆಲದ ತೇವ ಉಪ್ಪನ್ನು ಕರಗಿಸಿಕೊಂಡು ಗೋಡೆಯೊಳಗೆ ಮೇಲೇರುತ್ತದೆ. ನೀರು ಆರಿ, ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ನೂಕುತ್ತದೆ. ಇದನ್ನು ಮರೆಮಾಡಲು ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿಸುವುದುಂಟು. ಸಿಮೆಂಟು ತೇವವನ್ನು ಹೊರಬಿಡದೆ ಒಳಗೇ ಕಟ್ಟಿಹಾಕುವುದರಿಂದ ಕೆಲವು ಕಾಲದ ಮೇಲೆ ಗಾರೆ ಹಪ್ಪಳವಾಗಿ ಉದುರುತ್ತದೆ. ಬಚ್ಚಲ ನೀರನ್ನು ಗೋಡೆಯಿಂದ ದೂರ ಹರಿಸಿ, ಉಪ್ಪನ್ನು ಒಣಪೊರಕೆಯಿಂದ ಗುಡಿಸಿ ತೆಗೆದು, ಸುಣ್ಣದ ಗಾರೆಯನ್ನೇ ಹಾಕಿಸುವುದು ಸರಿಯಾದ ದಾರಿ.

ಮನೆಯ ಒಳಗೆ ಖರ್ಚಿಲ್ಲದ ಕೆಲಸಗಳೇ ಹೆಚ್ಚು ಫಲ ಕೊಡುತ್ತವೆ. ಮುಚ್ಚಿಟ್ಟ ಬೆಳಕಿಂಡಿಯನ್ನು ತೆರೆದರೆ ಪಡಸಾಲೆ ಇಮ್ಮಡಿ ವಿಸ್ತಾರವಾಗಿ ಕಾಣುತ್ತದೆ. ಅಟ್ಟದ ಮುರುಕು ಸಾಮಾನು ಇಳಿಯಬೇಕು. ಜಗಲಿಯ ಮೇಲಿನ ಮೂಟೆಗಳು ಸರಿಯಬೇಕು. ಚಳ್ಳಕೆರೆಯು ಶೇಂಗಾ ಎಣ್ಣೆಗೆ ಹೆಸರಾದ ಊರು. ಶೇಂಗಾ ತುಂಬಿಟ್ಟ ಕೋಣೆಯಲ್ಲಿ ಕಮಟು ವಾಸನೆಯೂ ಇಲಿಯ ಬಿಲವೂ ಉಳಿದುಬಿಡುತ್ತವೆ. ಮನೆಯವರ ಮೂಗಿಗೆ ರೂಢಿಯಾದ ವಾಸನೆ ಹೊರಗಿನವರಿಗೆ ಬಾಗಿಲಲ್ಲಿಯೇ ತಟ್ಟುತ್ತದೆ. ಬಿಲಗಳನ್ನು ಮುಚ್ಚಿ, ನೆಲ ತೊಳೆದು, ಕೆಲವು ದಿನ ಗಾಳಿಬಿಸಿಲಿಗೆ ತೆರೆದಿಡಬೇಕು. ತೊಲೆ, ಬಾಗಿಲುವಾಡಗಳನ್ನು ಬಡಿದು ನೋಡಬೇಕು. ಟೊಳ್ಳು ಸದ್ದು ಬಂದರೆ, ಮಣ್ಣಿನ ಗೆರೆಗಳು ಕಂಡರೆ, ಗೆದ್ದಲು ಹಿಡಿದಿದೆಯೆಂದು ತಿಳಿಯಬಹುದು.

ಮೊಳಕಾಲ್ಮೂರಿನ ನೇಕಾರರ ಮನೆಯ ವಿಚಾರ ಬೇರೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅಲ್ಲಿಯ ರೇಷ್ಮೆ ಸೀರೆಗಳು ಹುಟ್ಟಿದ್ದು ವಾಸದ ಮನೆಯ ಪಡಸಾಲೆಯಲ್ಲೇ, ಗುಂಡಿಮಗ್ಗದಲ್ಲಿ. ಮಗ್ಗದ ಗುಂಡಿಯನ್ನು ಮುಚ್ಚಬೇಕೇ, ಉಳಿಸಬೇಕೇ? ಕೊಳ್ಳುವವನು ನೇಕಾರನಾದರೆ ಅದೇ ಮನೆಯ ಬೆಲೆ. ನೆಲದ ತಂಪಿಗೆ ರೇಷ್ಮೆಯ ಎಳೆ ಬೇಗನೆ ಕಡಿಯುವುದಿಲ್ಲವೆಂಬುದು ಅವನಿಗೆ ಗೊತ್ತು. ಕೊಳ್ಳುವವನು ಮಾಸ್ತರೋ ವ್ಯಾಪಾರಿಯೋ ಆದರೆ ಅದು ಕಾಲುಮುರಿಯುವ ಹಳ್ಳ. ಆದ್ದರಿಂದ ಕೊಳ್ಳುವವನು ಯಾರೆಂದು ತಿಳಿಯುವವರೆಗೂ ಗುಂಡಿಯ ಮೇಲೆ ಹಲಗೆ ಮುಚ್ಚಿಡುವುದು ಒಳ್ಳೆಯದು. ಮುಚ್ಚಲೇಬೇಕಾದರೆ ಮಣ್ಣನ್ನು ಪದರಪದರವಾಗಿ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಇಲ್ಲದಿದ್ದರೆ ಮೇಲಿನ ಕಲ್ಲುಚಪ್ಪಡಿ ಕುಸಿಯುವುದು ಖಂಡಿತ.

ಇಷ್ಟೆಲ್ಲ ನೋಡಿದ ಮೇಲೆ ಕೊಳ್ಳುವವನು ಕೇಳುವ ಪ್ರಶ್ನೆ 'ನೀರು ಹೇಗೆ?' ಎಂಬುದು. ನಮ್ಮ ಸೀಮೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರು ದೊರೆಯದಲ್ಲಿ 1.5 ರವರೆಗೆ. ಮನೆಯಲ್ಲಿ ಕೊಳವೆಬಾವಿಯಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ ವರದಿಯನ್ನು ಕೈಗಿಡುವವನ ಮಾತಿಗೆ ತೂಕ ಹೆಚ್ಚು.

ಗೋಡೆಯಷ್ಟೇ ಕಾಗದಪತ್ರವೂ ಶುಭ್ರವಾಗಿರಬೇಕು. ಪೇಟೆಯ ಮನೆಗೆ ಇ-ಖಾತೆ, ಹಳ್ಳಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11, ಕಟ್ಟಿದ ಕಂದಾಯದ ರಸೀದಿ, ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪ್ರಮಾಣಪತ್ರ ಇವುಗಳನ್ನು ಮೊದಲೇ ಹೊಂದಿಸಿಡಬೇಕು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಮನೆಯಾದರೆ 2005 ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕೇಳದೆ ಮುಂಗಡ ಪಡೆದು, ಬಳಿಕ ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕಿಂತ ಮೊದಲೇ ಅವರನ್ನು ಕರೆದು ಕೂಡಿಸಿ ಮಾತನಾಡುವುದು ಲೇಸು.

ಇನ್ನು ಮುಖ್ಯವಾದ ಮಾತು. ಸಿಂಗಾರಕ್ಕೂ ವಂಚನೆಗೂ ನಡುವೆ ಗೆರೆ ಎಲ್ಲಿದೆ? ಕೊಳೆಯನ್ನು ತೊಳೆಯುವುದು ಸಿಂಗಾರ. ಬಿರುಕನ್ನು ಮುಚ್ಚಿ ಮೌನವಾಗಿರುವುದು ವಂಚನೆ. ಗೆದ್ದಲು ತಿಂದ ತೊಲೆಗೆ ಬಣ್ಣ ಬಳಿದರೆ ಮಾರುವವನಿಗೆ ಕೆಲವು ಸಾವಿರ ಲಾಭವಾಗಬಹುದು. ಕೊಂಡವನ ಮಕ್ಕಳು ಮಲಗುವುದು ಆ ತೊಲೆಯ ಕೆಳಗೆ. 1882 ರ ಸ್ವತ್ತು ವರ್ಗಾವಣೆ ಕಾಯಿದೆಯ 55 ನೆಯ ಪ್ರಕರಣವು ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಮಾರುವವನಿಗೆ ತಿಳಿದಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಲಾರದ ಮಹತ್ವದ ದೋಷವನ್ನು ಮಾರುವವನೇ ತಿಳಿಸಬೇಕು, ತಿಳಿಸದಿರುವುದು ಮೋಸವೆನಿಸುತ್ತದೆ. ದೋಷವನ್ನು ತಾನೇ ತೋರಿಸಿ, ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಟ್ಟರೆ ಮಾತು ಬೇಗ ಮುಗಿಯುತ್ತದೆ. ಒಂದು ಕುಂದನ್ನು ತಾನಾಗಿ ಹೇಳಿದವನ ಉಳಿದ ಮಾತುಗಳನ್ನು ಜನ ನಂಬುತ್ತಾರೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892 ರಲ್ಲಿ ಬೆಳಕಿಗೆ ತಂದರು. ತಾಯಿತಂದೆಯರ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು ಎಂಬುದು ಅಲ್ಲಿಯ ಬೋಧೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಬಂಡೆಗಳ ಮೇಲೆ ಕೆತ್ತಿದ ಈ ಮಾತು ಇಂದಿನ ಕ್ರಯಪತ್ರಕ್ಕೂ ಸಲ್ಲುತ್ತದೆ. ಮನೆ ಮಾರಿದ ಮೇಲೆ ಆ ಮನೆ ನಮ್ಮದಾಗಿ ಉಳಿಯುವುದಿಲ್ಲ, ಆದರೆ ಅದೇ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಕ್ಕು ನಮ್ಮದಾಗಿಯೇ ಉಳಿಯಬೇಕು.