ಲಾರಿ ತೂಗಲು ವೇ ಬ್ರಿಡ್ಜ್ ಇದೆ, ಮನುಷ್ಯನನ್ನು ತೂಗಲು?

ಅತ್ತಿಬೆಲೆಯ ಅತಿ ಸ್ಥೂಲ ರೋಗಿಗಳಿಗೆ ಬೇಕಿರುವುದು ಬುದ್ಧಿಮಾತಲ್ಲ, ಚಿಕಿತ್ಸೆ

ಅತ್ತಿಬೆಲೆ: ಹೊಸೂರು ರಸ್ತೆಯಲ್ಲಿ ಓಡುವ ಲಾರಿಯನ್ನು ಸರಕು ಸಮೇತ ತೂಗಿ ಚೀಟಿ ಕೊಡುವ ವೇ ಬ್ರಿಡ್ಜ್‌ಗಳಿಗೆ ಈ ಕೈಗಾರಿಕಾ ಸೀಮೆಯಲ್ಲಿ ಬರವಿಲ್ಲ. ಆದರೆ ಅದೇ ಲಾರಿಯಿಂದ ಇಳಿದು ಬರುವ ನೂರ ಅರವತ್ತು ಕಿಲೋ ಡ್ರೈವರನನ್ನು ತೂಗಬೇಕಾದರೆ? ಕ್ಲಿನಿಕ್ಕುಗಳಲ್ಲಿ, ಮೆಡಿಕಲ್ ಶಾಪುಗಳ ಬಾಗಿಲಲ್ಲಿ ಸಾಮಾನ್ಯವಾಗಿ ಕಾಣುವ ತೂಕದ ಯಂತ್ರದ ಮುಳ್ಳು 120ಕ್ಕೋ 150ಕ್ಕೋ ನಿಂತುಬಿಡುತ್ತದೆ. ಮುಳ್ಳು ನಿಂತ ಕಡೆಗೇ ಚಿಕಿತ್ಸೆಯೂ ನಿಂತಿತೆಂದು ತಿಳಿಯಿರಿ. ತೂಕವೇ ಗೊತ್ತಿಲ್ಲದ ಮೇಲೆ ಎಷ್ಟು ಇಳಿಯಿತು, ಎಷ್ಟು ಏರಿತು ಅಂತ ಹೇಳುವವರು ಯಾರು? ಅರಿವಳಿಕೆ ಮದ್ದು ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವುದು ಹೇಗೆ?

ಇದು ನಗುವ ವಿಷಯವಲ್ಲ. ಆದರೆ ನಗುವವರೇ ಜಾಸ್ತಿ. ಬಸ್ಸು ಹತ್ತಿದರೆ ಪಕ್ಕದವನ ಮುಖ ಸಿಂಡರಿಸುತ್ತದೆ. ಆಟೋದವನು ಸ್ಪ್ರಿಂಗ್ ಪ್ಲೇಟು ನೋಡಿಕೊಳ್ಳುತ್ತಾನೆ. ಜ್ವರ ಅಂತ ಡಾಕ್ಟರ ಹತ್ತಿರ ಹೋದರೂ, ಮಂಡಿನೋವು ಅಂತ ಹೋದರೂ ಸಿಗುವ ಉತ್ತರ ಒಂದೇ: ‘ಮೊದಲು ತೂಕ ಇಳಿಸಿಕೊಂಡು ಬನ್ನಿ.’ ಹೇಗೆ ಇಳಿಸುವುದು, ಎಲ್ಲಿಗೆ ಹೋಗುವುದು ಅಂತ ಹೇಳಿದವರಿಲ್ಲ. ಅವಮಾನಕ್ಕೆ ಹೆದರಿ ಇವರು ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ. ಕಡೆಗೆ ಬರುವಾಗ 108ರಲ್ಲಿ ಬರುತ್ತಾರೆ.

ಲೆಕ್ಕ ಏನು ಹೇಳುತ್ತದೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗಂಡಸರಲ್ಲೂ ಹೆಂಗಸರಲ್ಲೂ ನೂರಕ್ಕೆ ಸುಮಾರು ಮೂವತ್ತು ಮಂದಿಯ ತೂಕ ಮಿತಿ ಮೀರಿದೆ. ದೇಶದ ಸರಾಸರಿಗಿಂತ ಇದು ಹೆಚ್ಚು. ಇವರೆಲ್ಲರೂ ಅತಿ ಸ್ಥೂಲರಲ್ಲ. ಬಹುಪಾಲು ಜನ ನಡಿಗೆ, ಊಟದ ಹತೋಟಿಯಲ್ಲಿ ಸುಧಾರಿಸಿಕೊಳ್ಳಬಹುದಾದವರು. ನಾವು ಹೇಳುತ್ತಿರುವುದು ಆ ಗುಂಪಿನ ತುದಿಯಲ್ಲಿರುವವರ ಮಾತು.

ತುದಿ ಯಾವುದೆಂದು ಗೊತ್ತುಮಾಡಲು ವೈದ್ಯರದ್ದೊಂದು ಸೂತ್ರವಿದೆ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಬೇಕು. ಬಂದದ್ದು ಬಿಎಂಐ. ಐದಡಿ ಐದಂಗುಲ, ಅಂದರೆ 165 ಸೆಂ.ಮೀ. ಎತ್ತರದ ಮನುಷ್ಯ 68 ಕಿಲೋ ಇದ್ದರೆ ಬಿಎಂಐ 25. ನಮ್ಮ ದೇಶದವರಿಗೆ ಬೊಜ್ಜು ಶುರುವಾಗುವುದು ಇಲ್ಲಿಂದಲೇ ಎಂದು ಭಾರತೀಯ ತಜ್ಞರು 2009ರಲ್ಲೇ ಹೇಳಿದ್ದಾರೆ. ಅದೇ ಮನುಷ್ಯ 95 ಕಿಲೋ ಆದರೆ ಬಿಎಂಐ 35, 109 ಕಿಲೋ ಆದರೆ 40. ಅಲ್ಲಿಗೆ ಅದು ತೀವ್ರ ಸ್ಥೂಲಕಾಯ. ಸಕ್ಕರೆ ಕಾಯಿಲೆ, ಬಿ.ಪಿ., ಸವೆದ ಮಂಡಿ, ಕೊಬ್ಬು ತುಂಬಿದ ಲಿವರ್, ಕೆಲವು ಬಗೆಯ ಕ್ಯಾನ್ಸರ್ ಇವೆಲ್ಲ ಅದರ ಬೆನ್ನಿಗೇ ಬರುವ ನೆಂಟರು.

‘ತಿಂದದ್ದಕ್ಕೆ ಅನುಭವಿಸ್ತಾನೆ’ ಅನ್ನುವುದು ಸುಲಭ. ವಿಜ್ಞಾನ ಹಾಗನ್ನುವುದಿಲ್ಲ. ವಂಶದ ಗುಣ, ನಿದ್ದೆಗೆಟ್ಟ ರಾತ್ರಿ ಪಾಳಿ, ಹಾರ್ಮೋನಿನ ತೊಂದರೆ, ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ಎಲ್ಲವೂ ಇದರಲ್ಲಿ ಪಾಲುದಾರರು. ಹಟ ಹಿಡಿದು ಹತ್ತು ಕಿಲೋ ಇಳಿಸಿದಿರಿ ಅನ್ನಿ. ದೇಹ ಅದನ್ನು ಬರಗಾಲವೆಂದು ತಿಳಿದು ಹಸಿವಿನ ಹಾರ್ಮೋನು ಹೆಚ್ಚಿಸುತ್ತದೆ, ಉರುವಲು ಖರ್ಚು ಕಡಿಮೆ ಮಾಡುತ್ತದೆ. ಕಳೆದದ್ದು ವಾಪಸು ಬರುತ್ತದೆ. ಇದು ಮನಸ್ಸಿನ ಸೋಲಲ್ಲ, ಮೈಯ ಗುಣ. ಅದಕ್ಕೇ ಇದಕ್ಕೆ ವೈದ್ಯ ಬೇಕು ಅನ್ನುವುದು.

ಗೊರಕೆ ಹೊಡೆಯುವ ಸ್ಟೀರಿಂಗು

ಅತ್ತಿಬೆಲೆ ಗಡಿ ಊರು. ರಾತ್ರಿಯಿಡೀ ಲಾರಿ ಹರಿಯುವ ಊರು. ಕತ್ತಿನ ಸುತ್ತ ಕೊಬ್ಬು ಕಟ್ಟಿದವರಿಗೆ ಮಲಗಿದಾಗ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಜೋರು ಗೊರಕೆ, ನಡುವೆ ಉಸಿರು ನಿಂತು ಥಟ್ಟನೆ ಎಚ್ಚರ, ಮತ್ತೆ ಗೊರಕೆ. ಇದಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ಮಲಗಿದವನಿಗೆ ಗೊತ್ತೇ ಆಗುವುದಿಲ್ಲ, ಪಕ್ಕದಲ್ಲಿದ್ದ ಹೆಂಡತಿಗೆ ಗೊತ್ತು. ಹಗಲು ಅವನಿಗೆ ತೂಕಡಿಕೆ. ಕುರ್ಚಿಯಲ್ಲಿ ತೂಕಡಿಸಿದರೆ ಪರವಾಗಿಲ್ಲ, ಸ್ಟೀರಿಂಗ್ ಮುಂದೆ ತೂಕಡಿಸಿದರೆ? ಆಗ ಅದು ಒಬ್ಬನ ಕಾಯಿಲೆಯಲ್ಲ, ರಸ್ತೆಯಲ್ಲಿರುವ ಎಲ್ಲರದೂ.

ಅಳೆಯುವುದು ಬಂತು, ಮುಂದೇನು?

ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾದೀತು. 30 ದಾಟಿದವರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ನಮೂನೆಯಲ್ಲಿ ಸೊಂಟದ ಅಳತೆಗೂ ಅಂಕವಿದೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಒಂದಂಕ. ಹೆಂಗಸರಿಗೆ 90, ಗಂಡಸರಿಗೆ 100 ದಾಟಿದರೆ ಎರಡಂಕ. ಬೇರೆ ಪ್ರಶ್ನೆಗಳೂ ಸೇರಿ ಮೊತ್ತ ನಾಲ್ಕು ಮೀರಿದರೆ ಅವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಒಳ್ಳೆಯ ಏರ್ಪಾಡು. ತಪಾಸಣೆಯಲ್ಲಿ ಸಕ್ಕರೆ ಸಿಕ್ಕರೆ ಸಕ್ಕರೆಗೆ ಮಾತ್ರೆ, ಬಿ.ಪಿ. ಸಿಕ್ಕರೆ ಬಿ.ಪಿ.ಗೆ ಮಾತ್ರೆ. ಎರಡಕ್ಕೂ ಬುಡವಾದ ತೂಕಕ್ಕೆ? ‘ವಾಕಿಂಗ್ ಮಾಡಿ’ ಅನ್ನುವ ಮಾತು. ಮಂಡಿ ಊದಿಕೊಂಡು ಹತ್ತು ಹೆಜ್ಜೆ ಇಡಲಾರದವರು ವಾಕಿಂಗ್ ಮಾಡುವುದು ಯಾವ ಕಾಲಲ್ಲಿ?

ಅಡುಗೆ ಎಣ್ಣೆಯನ್ನು ಶೇ. 10 ಕಡಿಮೆ ಮಾಡಿ ಎಂದು ಪ್ರಧಾನಿಯವರು 2025ರ ಫೆಬ್ರುವರಿಯಲ್ಲಿ ರೇಡಿಯೋದಲ್ಲಿ ಹೇಳಿದರು. ಊರಿಗೆಲ್ಲ ಒಳ್ಳೆಯ ಮಾತೇ. ಆದರೆ ನೂರ ಮೂವತ್ತು ಕಿಲೋ ತೂಗುವ, ಇನ್ಸುಲಿನ್ ಚುಚ್ಚಿಕೊಳ್ಳುವ ಮನುಷ್ಯನಿಗೆ ಎಣ್ಣೆಯ ಉಪದೇಶವೊಂದೇ ಮದ್ದಾಗಲಾರದು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇಂಥವರಿಗೆಂದೇ ತಜ್ಞರ ತಂಡಗಳಿವೆ. ವೈದ್ಯರು, ಆಹಾರ ತಜ್ಞರು, ಮನಶ್ಶಾಸ್ತ್ರಜ್ಞರು, ವ್ಯಾಯಾಮ ಹೇಳಿಕೊಡುವವರು ಸೇರಿ ಒಬ್ಬ ರೋಗಿಯನ್ನು ತಿಂಗಳುಗಟ್ಟಲೆ ನೋಡಿಕೊಳ್ಳುತ್ತಾರೆ. ಆಪರೇಷನ್ ಅದರ ಮುಂದಿನ ಮೆಟ್ಟಿಲು. ನಮ್ಮಲ್ಲಿ ಮೆಟ್ಟಿಲೇ ಇಲ್ಲ. ಒಂದೋ ನೆಲ, ಇಲ್ಲವೇ ಕಾರ್ಪೊರೇಟ್ ಆಸ್ಪತ್ರೆಯ ಮಹಡಿ.

ಮದ್ದು ಬಂದಿದೆ, ದುಡ್ಡು?

ಹೊಸ ಮದ್ದುಗಳು ಬಂದಿರುವುದು ನಿಜ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ಅದೇ ಜೂನ್‌ನಲ್ಲಿ ಭಾರತಕ್ಕೆ ಬಂದವು. ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ ಸುಮಾರು ಶೇ. 15, ಟಿರ್ಜೆಪಟೈಡ್‌ನ ದೊಡ್ಡ ಡೋಸಿನಿಂದ ಸುಮಾರು ಶೇ. 20 ತೂಕ ಇಳಿದಿದೆ. ಆದರೆ ನಿಲ್ಲಿಸಿದರೆ ತೂಕ ಮತ್ತೆ ಏರುತ್ತದೆ. ಬಿಡುಗಡೆಯಾದಾಗ ಟಿರ್ಜೆಪಟೈಡ್‌ನ ಅತಿ ಸಣ್ಣ ಡೋಸಿನ ಒಂದು ಸೀಸೆಗೆ 3,500 ರೂಪಾಯಿ. ತಿಂಗಳಿಗೆ ನಾಲ್ಕು ಸೀಸೆ, 14,000 ರೂಪಾಯಿ. ಇಎಸ್‌ಐ ಸೌಲಭ್ಯಕ್ಕೆ ಸಂಬಳದ ಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ ಏರಿಸಿದ್ದನ್ನು ನೆನೆದರೆ ಈ ಲೆಕ್ಕ ಇಲ್ಲಿನ ಕಾರ್ಮಿಕನಿಗೆ ಹೇಗೆ ಕೂತೀತು ಎಂದು ಬಿಡಿಸಿ ಹೇಳಬೇಕಿಲ್ಲ. ಬೆಲೆ ಎಷ್ಟೇ ಇಳಿಯಲಿ, ಇದು ವೈದ್ಯರ ಕಣ್ಗಾವಲಲ್ಲಿ ತೆಗೆದುಕೊಳ್ಳುವ ಮದ್ದೇ ಹೊರತು ಅಂಗಡಿಯಲ್ಲಿ ಕೇಳಿ ಪಡೆಯುವ ಟಾನಿಕ್ಕಲ್ಲ.

ಇನ್ನು ಹೊಟ್ಟೆಯ ಗಾತ್ರ ಕುಗ್ಗಿಸುವ ಬೇರಿಯಾಟ್ರಿಕ್ ಆಪರೇಷನ್. ಖಾಸಗಿಯಲ್ಲಿ ಲಕ್ಷಗಳ ಬಾಬತ್ತು. ವಿಮೆ ಕೊಡುತ್ತದೆಯೇ? ಕೊಡುವುದೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮದಲ್ಲಿ ಕಿಂಡಿಯೊಂದಿದೆ. ವಯಸ್ಸು 18 ದಾಟಿರಬೇಕು. ಬಿಎಂಐ 40 ಇರಬೇಕು, ಅಥವಾ 35 ಇದ್ದು ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಇದ್ದು, ಬೇರೆ ಚಿಕಿತ್ಸೆ ಫಲಿಸದೆ ಹೋಗಿರಬೇಕು. ಡಾಕ್ಟರ ಸಲಹೆ ಬೇಕು. ಇಷ್ಟಿದ್ದರೆ ‘ಬೊಜ್ಜಿಗೆ ವಿಮೆಯಿಲ್ಲ’ ಎಂಬ ಷರತ್ತು ಅಡ್ಡ ಬರುವುದಿಲ್ಲ. ಪಾಲಿಸಿಯ ಕಾಯುವ ಅವಧಿ, ಇತರ ಷರತ್ತುಗಳನ್ನು ಓದಿಕೊಂಡು ಕೇಳಿ.

ಇದರಲ್ಲೂ ಒಂದು ತಮಾಷೆ ನೋಡಿ. ಭಾರತೀಯ ತಜ್ಞರ 2009ರ ಸೂತ್ರದಂತೆ ಬೇರೆ ಕಾಯಿಲೆ ಇಲ್ಲದವರಿಗೂ ಬಿಎಂಐ 37.5 ದಾಟಿದರೆ ಆಪರೇಷನ್ ಯೋಚಿಸಬಹುದು. ನಮ್ಮ ಐದಡಿ ಐದಂಗುಲದ ಮನುಷ್ಯನಿಗೆ ಅದು 103 ಕಿಲೋ. ವಿಮೆಯವರಿಗೆ 109 ಬೇಕು. ಅಂದರೆ, ‘ಇನ್ನೂ ಆರು ಕಿಲೋ ದಪ್ಪಗಾಗಿ ಬಾರಪ್ಪ’ ಅಂದ ಹಾಗಾಯಿತು!

ಆಪರೇಷನ್ ಆದ ಮೇಲೂ ಬಿಡುಗಡೆಯಿಲ್ಲ. ಕಬ್ಬಿಣ, ಕ್ಯಾಲ್ಸಿಯಂ, ಬಿ-12 ಮಾತ್ರೆ ಮತ್ತು ರಕ್ತ ಪರೀಕ್ಷೆ ಜೀವನಪರ್ಯಂತ ಬೇಕು. ಇನ್ನೊಂದು ಎಚ್ಚರಿಕೆ: ಸೌಂದರ್ಯಕ್ಕಾಗಿ ಕೊಬ್ಬು ಹೀರಿ ತೆಗೆಯುವುದು ಬೇರೆ, ಈ ಆಪರೇಷನ್ ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವ ನಟಿಯೊಬ್ಬರು ಪ್ರಾಣ ಕಳೆದುಕೊಂಡರು. ಎಲ್ಲೇ ಹೋಗಿ, ಗೋಡೆಯ ಮೇಲೆ ಕೆಪಿಎಂಇ ನೋಂದಣಿ ಪತ್ರ ಇದೆಯಾ ನೋಡಿ. ತೀವ್ರ ನಿಗಾ ಘಟಕ ಇದೆಯಾ ಕೇಳಿ. ತಿಂಗಳಿಗೆ ಹದಿನೈದು ಕಿಲೋ ಇಳಿಸುವ ಪೌಡರು ಮಾರುವವರಿಗೆ ದೂರದಿಂದಲೇ ಕೈಮುಗಿಯಿರಿ.

ಈಗಿರುವ ದಾರಿ

ಸದ್ಯಕ್ಕೆ ಇರುವ ದಾರಿ ಉದ್ದ. ಹಾರ್ಮೋನು ಮತ್ತು ಸಕ್ಕರೆ ಕಾಯಿಲೆಗೆಂದೇ ರಾಜ್ಯ ಸರ್ಕಾರದ ಕರ್ನಾಟಕ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿದೆ. ನಿದ್ದೆಯ ಕಾಯಿಲೆಗೆ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ಆದರೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೋ ಬೊಮ್ಮಸಂದ್ರಕ್ಕೇ ಮುಗಿಯುತ್ತದೆ. ಅಲ್ಲಿಯ ತನಕ ಬಸ್ಸಿನಲ್ಲಿ ನಿಂತು ಹೋಗಬೇಕು. ಮಂಡಿ ಸೋತವರಿಗೆ ಅದೇ ಒಂದು ಯಾತ್ರೆ. ದಿನದ ಕೂಲಿಯೂ ಹೋಯಿತು. ಅವಮಾನದಿಂದ ಕುಗ್ಗಿದವರು ಮನೆಯಿಂದಲೇ ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿ ಮಾತಾಡಬಹುದು. ಖರ್ಚಿಲ್ಲ.

ನಾವು ಕೇಳುವುದು ಅರಮನೆಯನ್ನಲ್ಲ. ಆನೇಕಲ್ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಇವರಿಗೆಂದೇ ಎರಡು ಗಂಟೆ. 300 ಕಿಲೋ ತೂಗುವ ಒಂದು ಯಂತ್ರ. ತೋಳಿಗೆ ಸಾಲುವಷ್ಟು ಅಗಲದ ಬಿ.ಪಿ. ಪಟ್ಟಿ, ಯಾಕೆಂದರೆ ಚಿಕ್ಕ ಪಟ್ಟಿ ಇಲ್ಲದ ಬಿ.ಪಿ. ತೋರಿಸುತ್ತದೆ. ಕೈಯಿಲ್ಲದ ನಾಲ್ಕು ಕುರ್ಚಿ, ಗಟ್ಟಿಯಾದ ಒಂದು ಮಂಚ. ಓಟ್ಸು, ಆಲಿವ್ ಎಣ್ಣೆ ಅನ್ನದೆ ಮುದ್ದೆಯ ಗಾತ್ರ, ಸೊಪ್ಪಿನ ಸಾರು, ಓವರ್‌ಟೈಮಿನ ಬೋಂಡಾ-ಟೀ ಲೆಕ್ಕ ಬಲ್ಲ ಒಬ್ಬ ಆಹಾರ ತಜ್ಞೆ. ಬೆಂಗಳೂರಿನ ತಜ್ಞರನ್ನು ಇ-ಸಂಜೀವಿನಿ ಮೂಲಕ ಪರದೆಯ ಮೇಲೆ ಕೂರಿಸಿದರಾಯಿತು. ನೂರ ಹತ್ತು ಕಿಲೋ ಇದ್ದವರು ಐದಾರು ಕಿಲೋ ಇಳಿದರೂ ಸಕ್ಕರೆ, ಬಿ.ಪಿ. ಹತೋಟಿಗೆ ಬರಲು ಶುರುವಾಗುತ್ತದೆ. ಇಷ್ಟು ಗೆಲುವಿಗೆ ಇಷ್ಟು ಖರ್ಚು ಹೆಚ್ಚಲ್ಲ.

ಕಾರ್ಖಾನೆಗಳ ಮಾಲೀಕರೂ ಕೈಜೋಡಿಸಬಹುದು. ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡಿ ಫೋಟೋ ತೆಗೆಸಿಕೊಳ್ಳುವ ಬದಲು ಆ ತೂಕದ ಯಂತ್ರವನ್ನಾದರೂ ಕೊಡಿಸಲಿ. ಆರೋಗ್ಯ ಇಲಾಖೆಯ ಅಧಿಕಾರಿಗಳು, ತಾಲೂಕಿನ ಜನಪ್ರತಿನಿಧಿಗಳು ಇತ್ತ ಗಮನ ಹರಿಸುವರೇ?