ಹಾವು ಕಡಿತಕ್ಕೆ ಪರ್ಮಾಂಗನೇಟ್ ಮದ್ದಲ್ಲ!

ಚಿನ್ನಮನೂರು: ಕಂಬಂ ಕಣಿವೆಯ ಗದ್ದೆ, ಬಾಳೆತೋಟಗಳಲ್ಲಿ ದುಡಿಯುವವರಿಗೆ ಹಾವಿನ ಭಯ ತಪ್ಪಿದ್ದಲ್ಲ. ಹಿಂದೆ ಇದಕ್ಕೆ ಪ್ರಥಮ ಚಿಕಿತ್ಸೆ ಎಂದು ಹೇಳುತ್ತಿದ್ದುದು ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು. ಮನೆಯಲ್ಲಿ ಅದಿದ್ದರೂ ಹಾವು ಕಚ್ಚಿದ ಗಾಯಕ್ಕೆ ಹಾಕಬೇಡಿ.

ಈ ನಂಬಿಕೆ ಬಂದದ್ದೆಲ್ಲಿಂದ? ಹರಳು ವಿಷಕ್ಕೆ ಪ್ರತಿಮದ್ದು ಎಂದು 1881ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಲಸೆರ್ಡಾ ಸಾರಿದರು. 1904ರಲ್ಲಿ ಬ್ರಿಟಿಷ್ ವೈದ್ಯರಾದ ಬ್ರಂಟನ್, ಫೇರರ್, ರೋಜರ್ಸ್ ಗಾಯ ಕೊಯ್ದು ಹರಳು ತಿಕ್ಕುವ ಕ್ರಮ ಸೂಚಿಸಿದರು. ವಿಷಕ್ಕೆ ನೇರವಾಗಿ ಬೆರೆಸಿದರೆ ಹರಳು ಅದನ್ನು ಕೆಡಿಸುವುದು ನಿಜ. ಆದರೆ ಕಚ್ಚಿದ ಮೇಲೆ ವಿಷ ಆಳಕ್ಕೆ ಇಳಿದಿರುತ್ತದೆ. ಹರಳು ಸುಡುವುದು ಮಾಂಸವನ್ನಷ್ಟೇ. ಕೊಳಕುಮಂಡಲದ (ಕಣ್ಣಾಡಿ ವಿರಿಯನ್) ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ, ಕೊಯ್ದ ಗಾಯದ ರಕ್ತ ನಿಲ್ಲದೆಯೂ ಹೋಗಬಹುದು.

ಹಾಗಾದರೆ ಏನು ಮಾಡಬೇಕು? ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಧೈರ್ಯ ಹೇಳಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಕೋಲು ಆನಿಸಿ ಬಟ್ಟೆ ಸುತ್ತಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬಾಯಿಂದ ಹೀರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದು ಒಂದೇ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ.

ಹರಳಿಗೂ ಉಪಯೋಗವಿದೆ. ರಸಿಕೆ ಸೋರುವ ಚರ್ಮದ ಹುಣ್ಣು ತೊಳೆಯಲು ವೈದ್ಯರು ಹೇಳುವುದುಂಟು. 10 ಲೀಟರ್ ನೀರಿಗೆ 1 ಗ್ರಾಂ ಸಾಕು. ನೀರು ತಿಳಿ ಗುಲಾಬಿ ಬಣ್ಣಕ್ಕೆ ಬರಬೇಕು. ಕರಗದ ಹರಳು ಚರ್ಮ ಸುಡುತ್ತದೆ, ನುಂಗಿದರೆ ಪ್ರಾಣಕ್ಕೇ ಅಪಾಯ. ಗ್ಲಿಸರಿನ್ ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬೇರೆಯಾಗಿ, ಮಕ್ಕಳ ಕೈಗೆ ಸಿಗದಂತೆ ಇಡಿ.